ಬಿಡ್ತು ಚೀಲ

ಕಳೆದ ತಿಂಗಳು ಒಂದು ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದೆ. ಒಂಬತ್ತೂವರೆಯ ಸುಮಾರಿಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಕರೆ ಬಂತು. ಆಕೆ ಈಗ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, ಡೆನ್ವರ್ ನಗರದ ಹೊರವಲಯದಲ್ಲಿ ಸಂಸಾರದೊಂದಿಗೆ ನೆಲೆಸಿದ್ದಾಳೆ. ಅಲ್ಲಿ ಆಗ ಬೆಳಿಗ್ಗೆ. "ಸರ್, ನಾಳೆಗೆ ಜೋರು ಗಾಳಿಯ ಎಚ್ಚರಿಕೆ ಕೊಟ್ಟಿದ್ದಾರೆ. ಕರೆಂಟನ್ನೂ ಮುಂಚಿತವಾಗಿ ತೆಗೆಯಬಹುದಂತೆ. ಬಟ್ಟೆ, ಕಾಗದಪತ್ರ ಎಲ್ಲಾ ಒಂದು ಚೀಲಕ್ಕೆ ತುಂಬಿಡಲೇ ಅಂತ ಯೋಚಿಸ್ತಿದ್ದೆ. ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದರೆ 'ಬಿಡ್ತು ಅನ್ನು, ಒಳ್ಳೆ ಮಾತಾಡು' ಅಂತ ಬೈದು ಫೋನಿಟ್ಟರು. ನೀವು ಹೇಳಿ ಸರ್, ತುಂಬಲೋ ಬೇಡವೋ?" ಎಂದಳು.

ತುಂಬು ಎಂದೆ. ಅವಳು ನನ್ನನ್ನೇ ಕೇಳಿದ್ದಕ್ಕೆ ಕಾರಣವಿತ್ತು, ಅದನ್ನು ಮುಂದೆ ಹೇಳುತ್ತೇನೆ. ಮರುದಿನ ಗಾಳಿ ಬೀಸಿತು, ಅವರ ಹಿತ್ತಿಲಿನ ಮರದ ಬೇಲಿಯ ಒಂದು ಭಾಗ ಮಲಗಿತು, ಬೇರೇನೂ ಆಗಲಿಲ್ಲ. ಎರಡು ದಿನ ಕಳೆದು ಅವಳ ತಾಯಿ ನಮ್ಮೂರ ಪೇಟೆಯಲ್ಲಿ ಸಿಕ್ಕವರು, "ಏನು ಮೇಷ್ಟ್ರೇ, ಅಷ್ಟು ದೂರದಲ್ಲಿರೋ ಮಗಳನ್ನು ಸುಮ್ಮನೆ ಹೆದರಿಸಿಬಿಟ್ರಂತೆ! ಏನಾಯ್ತು ಈಗ? ಏನೂ ಆಗಲಿಲ್ಲ" ಎಂದು ನಕ್ಕರು. ನಾನೂ ನಕ್ಕು ಬಂದೆ. ಮನೆಗೆ ಬಂದ ಮೇಲೆ, ನಗಬಾರದಿತ್ತು ಎನಿಸಿತು. ಅದಕ್ಕಾಗಿ ಈ ಬರಹ.

ಈ 'ಬಿಡ್ತು' ಎಂಬ ಪದದ ಮಹಿಮೆಯನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ಆದರೆ ಹೊರದೇಶಗಳಲ್ಲಿ ಬೆಳೆದ, ಅಕ್ಷರ ಕೂಡಿಸಿಕೊಂಡು ಕನ್ನಡ ಓದುವ ಮಕ್ಕಳೂ ಈ ಪುಟಕ್ಕೆ ಬರುವುದುಂಟೆಂದು ಅವರ ತಂದೆತಾಯಿಯರು ಬರೆದು ತಿಳಿಸಿದ್ದಾರೆ. ಅವರಿಗಾಗಿ ಒಂದು ಮಾತು. ನಮ್ಮಲ್ಲಿ ಅಶುಭವನ್ನು ಬಾಯಿಬಿಟ್ಟು ಆಡಬಾರದು. ಯಾರಾದರೂ ಆಡಿದರೆ ಹಿರಿಯರು ತಕ್ಷಣ 'ಬಿಡ್ತು ಅನ್ನು' ಎನ್ನುತ್ತಾರೆ, ಆಡಿದವನು 'ಬಿಡ್ತು' ಎಂದು ತನ್ನ ಮಾತನ್ನು ತಾನೇ ಅಳಿಸಿಹಾಕಬೇಕು. ಮನೆಯಿಂದ ಹೊರಡುವಾಗ 'ಹೋಗುತ್ತೇನೆ' ಎನ್ನದೆ 'ಹೋಗಿ ಬರುತ್ತೇನೆ' ಎನ್ನುವುದು, ಬಳೆ ಒಡೆದರೆ 'ಹೆಚ್ಚಿತು' ಎನ್ನುವುದು, ದೀಪ ಆರಿಸುವುದನ್ನು 'ಶಾಂತ ಮಾಡುವುದು' ಎನ್ನುವುದು, ಎಲ್ಲವೂ ಇದೇ ಮನೋಧರ್ಮದಿಂದ ಹುಟ್ಟಿದವು. ಇವುಗಳಲ್ಲಿ ಒಂದು ಸೌಜನ್ಯವಿದೆ, ಒಂದು ಅಕ್ಕರೆಯಿದೆ; ನನ್ನ ತಾಯಿಯ ಬಾಯಲ್ಲಿ ಇವನ್ನು ಕೇಳುತ್ತಲೇ ಬೆಳೆದವನು ನಾನು. ಅಪಹಾಸ್ಯ ಮಾಡುವ ಉದ್ದೇಶ ನನಗಿಲ್ಲ. ಆದರೆ ಈ ಪದವನ್ನು ಆಡಬಾರದ ಹೊತ್ತಿನಲ್ಲಿ ಆಡಿ ಪೇಚಿಗೆ ಸಿಕ್ಕವನೂ ನಾನೇ.

2021ರ ನವೆಂಬರಿನಲ್ಲಿ, ಕೋವಿಡ್ ನಿರ್ಬಂಧಗಳನ್ನು ಅಮೆರಿಕ ಸಡಿಲಿಸಿದ ಮೇಲೆ, ನಾನೂ ನನ್ನ ಶ್ರೀಮತಿಯೂ ಮಗಳ ಮನೆಗೆ ಹೋಗಿದ್ದೆವು. ಅವಳು ಆಗ ಇದ್ದದ್ದು ಕೊಲರಾಡೊದ ಬೌಲ್ಡರ್ ಕೌಂಟಿಗೆ ಸೇರಿದ ಲೂಯಿವಿಲ್ ಎಂಬ ಪುಟ್ಟ ಪಟ್ಟಣದಲ್ಲಿ. ಪಶ್ಚಿಮಕ್ಕೆ ರಾಕಿ ಪರ್ವತಗಳ ಸಾಲು, ಅದರ ಬುಡದಿಂದ ಪಟ್ಟಣದವರೆಗೆ ವಿಶಾಲವಾದ ಹುಲ್ಲುಗಾವಲು. ಹಿಮ ನೋಡಬೇಕೆಂಬ ನಮ್ಮಾಕೆಯ ಆಸೆ ಡಿಸೆಂಬರ್ ಬಂದರೂ ಕೈಗೂಡಿರಲಿಲ್ಲ. ಆ ವರ್ಷ ಡೆನ್ವರಿನಲ್ಲಿ ಅಳೆಯುವಷ್ಟು ಹಿಮ ಮೊದಲ ಬಾರಿ ಬಿದ್ದದ್ದು ಡಿಸೆಂಬರ್ 10ರಂದು. 1882ರಿಂದ ದಾಖಲೆ ಇಟ್ಟಿದ್ದಾರೆ. ಅಷ್ಟು ತಡವಾಗಿ ಮೊದಲ ಹಿಮ ಬಿದ್ದದ್ದು ಅದೇ ಮೊದಲು. ವಸಂತದಲ್ಲಿ ಒಳ್ಳೆಯ ಮಳೆಯಾಗಿ ಹುಲ್ಲು ಸೊಂಪಾಗಿ ಬೆಳೆದಿತ್ತು. ಅನಂತರ ತಿಂಗಳುಗಟ್ಟಲೆ ಮಳೆಯಿಲ್ಲದೆ ಅದೇ ಹುಲ್ಲು ನಿಂತಲ್ಲೇ ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಸಂಜೆಯ ವಾಯುವಿಹಾರದಲ್ಲಿ ನಾನು ಆ ಬಣ್ಣವನ್ನು ಮೆಚ್ಚಿ ಫೋಟೋ ತೆಗೆದು ನಿಮ್ಮಲ್ಲಿ ಹಲವರಿಗೆ ಕಳಿಸಿದ್ದೆ. ಮೂವತ್ತನಾಲ್ಕು ವರ್ಷ ವಿಜ್ಞಾನ ಬೋಧಿಸಿದವನಿಗೆ, ತಾನು ಚಿತ್ರ ತೆಗೆಯುತ್ತಿರುವುದು ಇಂಧನದ ರಾಶಿಯನ್ನು ಎಂದು ಹೊಳೆಯಲಿಲ್ಲ.

ಡಿಸೆಂಬರ್ 29ರ ರಾತ್ರಿ ಮಗಳು ಹೇಳಿದಳು, ನಾಳೆ ಬಿರುಗಾಳಿಯ ಎಚ್ಚರಿಕೆ ಇದೆ, ಹೊರಗೆ ತಿರುಗಾಡಲು ಹೋಗಬೇಡಿ ಎಂದು. "ಆಷಾಢದ ಗಾಳಿಯಲ್ಲಿ ಕೊಡೆ ಹಿಡಿದು ಶಾಲೆಗೆ ನಡೆದವನಮ್ಮ ನಾನು" ಎಂದೆ. ಮರುದಿನ ಗುರುವಾರ. ಬೆಳಿಗ್ಗೆ ಎದ್ದಾಗಲೇ ಮನೆ ಗುಂಯ್‌ಗುಡುತ್ತಿತ್ತು. ರಸ್ತೆಯಲ್ಲಿ ಕಸದ ಡಬ್ಬಿಗಳು ಉರುಳಿಕೊಂಡು ಹೋಗುತ್ತಿದ್ದವು. ಆ ದಿನ ಆ ಪ್ರದೇಶದಲ್ಲಿ ಗಾಳಿಯ ಹೊಡೆತ ಗಂಟೆಗೆ ನೂರು ಮೈಲಿ, ಎಂದರೆ 160 ಕಿಲೋಮೀಟರು ದಾಟಿತ್ತು ಎಂದು ಆಮೇಲೆ ತಿಳಿಯಿತು. ವೇಗ ಎರಡರಷ್ಟಾದರೆ ಗಾಳಿಯ ಒತ್ತಡ ನಾಲ್ಕರಷ್ಟಾಗುತ್ತದೆ ಎಂದು ನಾನೇ ಕರಿಹಲಗೆಯ ಮೇಲೆ ಬರೆದು ಕಲಿಸಿದ್ದು ನಿಮಗೆ ನೆನಪಿರಬಹುದು. ನಮ್ಮ ಛತ್ರಿಯನ್ನು ಉಲ್ಟಾ ಮಾಡುವ 40 ಕಿಲೋಮೀಟರಿನ ಗಾಳಿಗೆ ಹೋಲಿಸಿದರೆ ಇದು ನಾಲ್ಕು ಪಟ್ಟಿನ ಗಾಳಿಯಲ್ಲ, ಹದಿನಾರು ಪಟ್ಟಿನದು.

ಈ ಗಾಳಿ ಅಲ್ಲಿ ಏಕೆ ಹೀಗೆ ಎಂಬುದನ್ನೂ ಹೇಳಿಬಿಡುತ್ತೇನೆ, ಮೇಷ್ಟ್ರ ಚಟ. ಅಣೆಕಟ್ಟಿನ ಕೋಡಿಯ ಮೇಲೆ ನೀರು ಹರಿದು ಕೆಳಗಿಳಿಯುವಾಗ ನೋಡಿದ್ದೀರಲ್ಲ? ಮೇಲೆ ನಿಧಾನವಾಗಿದ್ದ ನೀರು ಇಳಿಜಾರಿನಲ್ಲಿ ತೆಳುವಾಗಿ, ಅತಿವೇಗವಾಗಿ ಧುಮ್ಮಿಕ್ಕುತ್ತದೆ. ಪಶ್ಚಿಮದಿಂದ ಬಂದ ಗಾಳಿ ರಾಕಿ ಪರ್ವತವನ್ನು ಹತ್ತಿ ಇಳಿಯುವಾಗ, ಮೇಲಿನ ವಾಯುಸ್ತರ ಒಂದು ಮುಚ್ಚಳದಂತೆ ಅದನ್ನು ಕೆಳಕ್ಕೆ ಒತ್ತಿದರೆ, ಹೀಗೆಯೇ ಆಗುತ್ತದೆ. ಇಳಿಯುತ್ತಾ ಗಾಳಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗುತ್ತದೆ, ಬಿಸಿಯಾದಂತೆ ಇನ್ನಷ್ಟು ಶುಷ್ಕವಾಗುತ್ತದೆ. ಹೀಗಾಗಿ ಅಲ್ಲಿ ಕಾಳ್ಗಿಚ್ಚಿಗೆ ಬೇಸಿಗೆಯೇ ಬೇಕೆಂದಿಲ್ಲ. ಒಣಹುಲ್ಲೂ ಇಂಥ ಗಾಳಿಯೂ ಕೂಡಿದರೆ ಕೊರೆಯುವ ಚಳಿಗಾಲದಲ್ಲೂ ಸಾಕು.

ಬೆಂಕಿ ಹತ್ತಿದ್ದು ಬೆಳಿಗ್ಗೆ ಹನ್ನೊಂದರ ನಂತರ, ಪಟ್ಟಣದಿಂದ ಪಶ್ಚಿಮಕ್ಕಿರುವ ಹುಲ್ಲುಗಾವಲಿನ ಅಂಚಿನಲ್ಲಿ. ನಮ್ಮ ಕಿಟಕಿಯಿಂದ ಕಂದುಬಣ್ಣದ ಹೊಗೆ ಅಡ್ಡಡ್ಡವಾಗಿ ಹರಿಯುವುದು ಕಾಣಿಸಿತು. ಮೇಲಕ್ಕೇಳಬೇಕಾದ ಹೊಗೆ ನೆಲಕ್ಕೆ ಸಮಾನಾಂತರವಾಗಿ ಹೋಗುತ್ತಿದೆ ಎಂದರೆ ಬೆಂಕಿಯೂ ಹಾಗೆಯೇ ಬರುತ್ತದೆ ಎಂದು ಅರ್ಥ. ಇಂಧನ, ಆಮ್ಲಜನಕ, ಉಷ್ಣ ಎಂಬ ಮೂರು ಭುಜಗಳ ತ್ರಿಕೋನವನ್ನು ಪ್ರತಿ ವರ್ಷ ಬರೆದ ನನಗೆ ಇದು ಗೊತ್ತಿರಬೇಕಿತ್ತು. ನಾನು ಮಾಡಿದ್ದೇನು? ದೂರ ಎಷ್ಟಿರಬಹುದು ಎಂದು ಅಂದಾಜು ಹಾಕಿದೆ. "ಐದಾರು ಮೈಲಿ ಆಚೆ ಇದೆ, ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಆರಿಸಿರುತ್ತಾರೆ. ಇದೇನು ನಮ್ಮೂರೇ? ಹೆಲಿಕಾಪ್ಟರಿನಿಂದ ನೀರು ಸುರಿಯುತ್ತಾರೆ" ಎಂದೆ. ಅಂಥ ಗಾಳಿಯಲ್ಲಿ ಆ ದಿನ ಯಾವ ವಿಮಾನವೂ ಬೆಂಕಿ ಆರಿಸಲು ಏಳುವಂತಿರಲಿಲ್ಲ.

ಮಗಳು ನನ್ನ ಮಾತಿಗೆ ಉತ್ತರಿಸದೆ ಪಾಸ್‌ಪೋರ್ಟುಗಳನ್ನು ಚೀಲಕ್ಕೆ ಹಾಕತೊಡಗಿದ್ದಳು. "ಇಲ್ಲಿಗೂ ಬರಬಹುದಪ್ಪಾ, ಮನೆ ಬಿಡಬೇಕಾಗಬಹುದು" ಎಂದಳು. ನಾನು, "ಬಿಡ್ತು ಅನ್ನಮ್ಮಾ. ಹೊಸ ಮನೆಯಲ್ಲಿ ಎಂಥಾ ಮಾತು" ಎಂದು ಗದರಿದೆ. ಅವಳು ಬಿಡ್ತು ಎನ್ನಲಿಲ್ಲ. ನನ್ನ ಮಗಳು ನನ್ನ ಮಾತನ್ನು ಹಾಗೆ ಕಡೆಗಣಿಸಿದ್ದು ಅದೇ ಮೊದಲು. ನನಗೆ ಸಿಟ್ಟು ಬಂದಿತ್ತು.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಸುಪೀರಿಯರ್ ಪಟ್ಟಣವನ್ನು ಪೂರ್ತಿ ಖಾಲಿ ಮಾಡಿಸುತ್ತಿದ್ದಾರೆಂಬ ಸುದ್ದಿ ಬಂತು. ನೆರೆಮನೆಯ ವೃದ್ಧರೊಬ್ಬರು ಬಾಗಿಲು ಬಡಿದು, ಆದೇಶಕ್ಕೆ ಕಾಯಬೇಡಿ, ಹೊರಡಿ ಎಂದು ಹೇಳಿ ಹೋದರು. ಅಳಿಯ "ಮಾವ, ಹೊರಡೋಣ" ಎಂದ. ನಾನು, ಒಲೆಯ ಮೇಲೆ ಅನ್ನವಿದೆ, ಎರಡು ತುತ್ತು ಉಂಡು ಹೋದರಾಯಿತು ಎಂದೆ. ಅನಂತರ ನನ್ನ ಪಿಂಚಣಿಯ ಕಾಗದಗಳು ಎಲ್ಲಿ, ಕನ್ನಡಕದ ಡಬ್ಬಿ ಎಲ್ಲಿ, ದಿನಚರಿ ಪುಸ್ತಕ ಎಲ್ಲಿ ಎಂದು ಹುಡುಕಿದೆ. ಒಟ್ಟು ಮೂವತ್ತೈದು ನಿಮಿಷ ನನ್ನಿಂದಾಗಿ ಹೋಯಿತು. ಮಗಳು ಗಡಿಯಾರ ನೋಡಿದ್ದಳು. ಅಷ್ಟರಲ್ಲಿ ಕರೆಂಟು ಹೋಯಿತು. ಗ್ಯಾರೇಜಿನ ಬಾಗಿಲು ಮೋಟಾರಿನದು, ಗುಂಡಿ ಒತ್ತಿದರೆ ತೆರೆಯುವುದಿಲ್ಲ. ಮೇಲಿನಿಂದ ನೇತಾಡುವ ಕೆಂಪು ಹಗ್ಗವನ್ನು ಎಳೆದರೆ ಮೋಟಾರಿನ ಹಿಡಿತ ಬಿಟ್ಟು ಕೈಯಿಂದ ಎತ್ತಬಹುದು ಎಂದು ಅಳಿಯನಿಗೆ ತಿಳಿದಿತ್ತು, ನಾವು ಪಾರಾದೆವು.

ರಸ್ತೆಗೆ ಬಂದರೆ ಊರಿಗೆ ಊರೇ ಹೊರಟಿತ್ತು. ಒಂದು ಮೈಲಿ ಸಾಗಲು ಮುಕ್ಕಾಲು ಗಂಟೆ ಹಿಡಿಯಿತು. ಹೊಗೆಯಲ್ಲಿ ಸೂರ್ಯ ಕುಂಕುಮದ ಬೊಟ್ಟಿನಂತೆ ಕಾಣುತ್ತಿದ್ದ. ಏಳು ವರ್ಷದ ಮೊಮ್ಮಗ ಕೆಮ್ಮುತ್ತಿದ್ದ. ಅವನಿಗೆ ಮೊದಲಿನಿಂದಲೂ ಉಬ್ಬಸ. ಅರ್ಧ ಗಂಟೆ ಮುಂಚೆ ಹೊರಟಿದ್ದರೆ ಆ ಹೊಗೆಯನ್ನು ಅವನು ಕುಡಿಯಬೇಕಾಗಿರಲಿಲ್ಲ. ನನ್ನ ತೊಡೆಯ ಮೇಲೆ ಒರಗಿದ್ದವನು "ಅಜ್ಜಾ, ನಮ್ಮನೆ ಸುಟ್ಟುಹೋಗುತ್ತಾ?" ಎಂದು ಕೇಳಿದ. ನನ್ನ ಬಾಯಿಂದ ತಾನಾಗಿ "ಬಿಡ್ತು ಅನ್ನು" ಎಂದು ಬಂತು. ಅವನು ಒಂದು ಕ್ಷಣ ಸುಮ್ಮನಿದ್ದು, "ಬಿಡ್ತು ಅಂದ್ರೇನು?" ಎಂದ. ಮೂವತ್ತನಾಲ್ಕು ವರ್ಷ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದವನಿಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ. ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಆ ರಾತ್ರಿ ಪೂರ್ವಕ್ಕಿರುವ ಥಾರ್ನ್‌ಟನ್ನಿನಲ್ಲಿ, ಮಗಳ ಪರಿಚಯದ ಕನ್ನಡದವರೊಬ್ಬರ ಮನೆಯಲ್ಲಿ ತಂಗಿದೆವು. ಅಲ್ಲಿಗೆ ಹೋದ ಮೇಲೆ ತಿಳಿಯಿತು, ನನ್ನ ಪಿಂಚಣಿ ಕಾಗದ ಬಂದಿದೆ, ಶ್ರೀಮತಿಯ ರಕ್ತದೊತ್ತಡದ ಮಾತ್ರೆ ಅಡುಗೆಮನೆಯ ಮೇಜಿನ ಮೇಲೆ ಉಳಿದಿದೆ! ಪಿಂಚಣಿ ಕಾಗದದ ಇನ್ನೊಂದು ಪ್ರತಿ ಊರಿನ ಖಜಾನೆಯಲ್ಲಿ ಇದ್ದೇ ಇತ್ತು. ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ಆ ಮಾತ್ರೆ ಕೊಳ್ಳುವುದು ಎಷ್ಟು ಕಷ್ಟವೆಂದು ಅಲ್ಲಿರುವ ನಿಮಗೆ ನಾನು ಹೇಳಬೇಕಿಲ್ಲ.

ಮರುದಿನ ಹಿಮ ಬಿತ್ತು. ನಮ್ಮಾಕೆ ಎರಡು ತಿಂಗಳಿಂದ ಕಾಯುತ್ತಿದ್ದ ಆ ಹಿಮ. ಅದೇ ಉಳಿದ ಬೆಂಕಿಯನ್ನೂ ಆರಿಸಿತು. ನಾವು ಹಿಂತಿರುಗಿದಾಗ ಮಗಳ ಮನೆ ಉಳಿದಿತ್ತು. ಎರಡು ಬೀದಿ ಆಚೆಗೆ ಮನೆಗಳಿದ್ದಲ್ಲಿ ನೆಲಮಾಳಿಗೆಯ ಗುಂಡಿಗಳೂ ಅವುಗಳ ಮೇಲೆ ಬಿಳಿಯ ಹಿಮವೂ ಇದ್ದವು. ಸಾವಿರಾರು ಮನೆಗಳಿಗೆ ಅನಿಲ, ವಿದ್ಯುತ್ತು ನಿಂತಿದ್ದರಿಂದ ಉಳಿದ ಮನೆಗಳಲ್ಲೂ ಕೊಳವೆಯ ನೀರು ಹೆಪ್ಪುಗಟ್ಟಿ ಒಡೆಯುವ ಭಯ. ಬೆಂಕಿಯ ಮರುದಿನವೇ ಚಳಿಯಿಂದ ಮನೆ ಕಾಯುವ ಕೆಲಸ! ಅಲ್ಲಿನವರು ಇದನ್ನು ಮಾರ್ಷಲ್ ಕಾಳ್ಗಿಚ್ಚು ಎಂದು ಕರೆಯುತ್ತಾರೆ. ಸುಟ್ಟ ನೆಲ ಸುಮಾರು 6,000 ಎಕರೆ, ಕಾಳ್ಗಿಚ್ಚಿನ ಲೆಕ್ಕದಲ್ಲಿ ಅಷ್ಟೇನೂ ದೊಡ್ಡದಲ್ಲ. ಆದರೆ ಸಾವಿರಕ್ಕೂ ಹೆಚ್ಚು ಮನೆಗಳು ಹೋದವು, ಇಬ್ಬರು ಜೀವ ಕಳೆದುಕೊಂಡರು, 35,000ಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೊರಡಬೇಕಾಯಿತು. ಬಹುಪಾಲು ಹಾನಿ ನಡೆದದ್ದು ಕೆಲವೇ ಗಂಟೆಗಳಲ್ಲಿ.

2023ರ ಜೂನಿನಲ್ಲಿ ತನಿಖೆಯ ವಿವರ ಹೊರಬಂತು. ಬೆಂಕಿಗೆ ಮೂಲ ಎರಡು. ಒಂದು, ಕಳಚಿಕೊಂಡ ವಿದ್ಯುತ್ ತಂತಿ. ಇನ್ನೊಂದು, ಆರು ದಿನ ಮೊದಲು ಒಂದು ಜಮೀನಿನಲ್ಲಿ ಕಸಕಡ್ಡಿ ಸುಟ್ಟು ಮಣ್ಣು ಮುಚ್ಚಿದ್ದ ಜಾಗ. ಗಾಳಿ ಆ ಮಣ್ಣನ್ನು ಕೆದಕಿ ಒಳಗಿದ್ದ ಕೆಂಡವನ್ನು ಹೊರತೆಗೆಯಿತು. 'ಬೂದಿ ಮುಚ್ಚಿದ ಕೆಂಡ' ಎಂಬ ನುಡಿಗಟ್ಟನ್ನು ಸ್ವಂತ ವಾಕ್ಯದಲ್ಲಿ ಬಳಸಿರಿ ಎಂದು ಕನ್ನಡ ಪಂಡಿತರು ಪ್ರಶ್ನೆಪತ್ರಿಕೆಯಲ್ಲಿ ಕೇಳುತ್ತಿದ್ದರು. ನಾವೆಲ್ಲ ಮನುಷ್ಯರ ದ್ವೇಷದ ಬಗ್ಗೆ ವಾಕ್ಯ ಬರೆಯುತ್ತಿದ್ದೆವು. ಅದು ನಿಜವಾದ ಬೂದಿ, ನಿಜವಾದ ಕೆಂಡದ ಮಾತು ಎಂಬುದು ನನಗೆ ತಿಳಿದದ್ದು ಅರವತ್ತೆರಡನೆಯ ವಯಸ್ಸಿನ ಮೇಲೆ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿದೆ. ಆ ದಿನ ಹವಾಮಾನ ಇಲಾಖೆ ಬಿರುಗಾಳಿಯ ಎಚ್ಚರಿಕೆ ಕೊಟ್ಟಿತ್ತು, ಬೆಂಕಿಯ 'ಕೆಂಪು ಬಾವುಟ' ಎಚ್ಚರಿಕೆ ಕೊಟ್ಟಿರಲಿಲ್ಲ. ಗಾಳಿಯ ತೇವಾಂಶ ನಿಯಮದಲ್ಲಿ ಹೇಳಿದ ಮಟ್ಟಕ್ಕಿಂತ ಸ್ವಲ್ಪ ಹೆಚ್ಚಿತ್ತು. ಮನೆ ಬಿಡಿ ಎಂಬ ಸಂದೇಶವೂ ಎಷ್ಟೋ ಜನರ ಫೋನಿಗೆ ಬರಲೇ ಇಲ್ಲ, ಮೊದಲೇ ಹೆಸರು ನೋಂದಾಯಿಸಿದವರಿಗೆ ಮಾತ್ರ ಹೋಗುವ ವ್ಯವಸ್ಥೆಯಿತ್ತು. ಹಾಗಾಗಿ 'ಅಧಿಕೃತವಾಗಿ ಹೇಳಲಿ, ಆಮೇಲೆ ನೋಡೋಣ' ಎಂದು ಕುಳಿತವರಿಗೆ ಹೇಳುವವರು ಬರಲಿಲ್ಲ. ನಮಗೆ ಬಂದದ್ದು ಒಬ್ಬ ಮುದುಕರ ಬಾಗಿಲ ಬಡಿತ.

ಇದನ್ನು ಬರೆಯುವಾಗ ಇನ್ನೊಂದು ಗಾಳಿಯ ದಿನವನ್ನೂ ಬರೆಯದಿದ್ದರೆ ಅಪ್ರಾಮಾಣಿಕನಾಗುತ್ತೇನೆ. 1996ರ ಮಾರ್ಚ್ ತಿಂಗಳ ಕೊನೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ವಾರ ಉಳಿದಿತ್ತು, ಸಂಜೆ ವಿಶೇಷ ತರಗತಿ ನಡೆಸುತ್ತಿದ್ದೆ. ಹೆಂಚಿನ ಮಾಡಿನ ಕೋಣೆ, ಪಕ್ಕದಲ್ಲಿ ಹಳೆಯ ಮಳೆಮರ. ನಾಲ್ಕು ಗಂಟೆಗೆ ಆಕಾಶ ಕಪ್ಪಾಗಿ ಅಡ್ಡಗಾಳಿ ಎದ್ದಿತು. ಹಿಂದಿನ ಬೆಂಚಿನಿಂದ ಒಬ್ಬಳು "ಸರ್, ಗಾಳಿ ಜೋರಾಯ್ತು, ಆಚೆ ಕಟ್ಟಡಕ್ಕೆ ಹೋಗೋಣ್ವಾ?" ಎಂದಳು. "ಗಾಳಿ ಬಂದು ಹೋಗುತ್ತೆ, ನ್ಯೂಟನ್ನು ಪರೀಕ್ಷೆಗೆ ಬಂದೇ ಬರುತ್ತಾನೆ" ಎಂದು ನಾನು ಲೆಕ್ಕ ಮುಂದುವರಿಸಿದೆ. ಮಕ್ಕಳು ನಕ್ಕರು. ಐದು ನಿಮಿಷದೊಳಗೆ ಮರದ ಕೊಂಬೆ ಮಾಡಿನ ಮೇಲೆ ಬಿತ್ತು. ಒಬ್ಬ ಹುಡುಗನ ಬಲಗೈ ಮಣಿಕಟ್ಟು ಮುರಿಯಿತು. ಆ ವರ್ಷ ಅವನು ಪರೀಕ್ಷೆ ಬರೆಯಲಾಗಲಿಲ್ಲ. ಮರದ ಮೇಲೆ ತಪ್ಪು ಹೊರಿಸಿ ಎಲ್ಲರೂ ನನ್ನನ್ನು ಸಮಾಧಾನಪಡಿಸಿದರು. ದೇವರ ದಯೆ, ತಲೆಗೆ ಬೀಳಲಿಲ್ಲ ಎಂದರು. ಆತ ಇಂದಿಗೂ ಪ್ರತಿ ಸೆಪ್ಟೆಂಬರ್ ಐದರಂದು ನನಗೆ ಫೋನ್ ಮಾಡುತ್ತಾನೆ, ಈ ಪುಟವನ್ನೂ ಓದುತ್ತಾನೆ. ಅಪ್ಪಾ, ಆ ದಿನ ನಿಮ್ಮನ್ನೆಲ್ಲ ಎಬ್ಬಿಸಿ ಆಚೆ ಕಟ್ಟಡಕ್ಕೆ ಕಳಿಸಬೇಕಿತ್ತು. ಕಳಿಸಿದ್ದು, ಏನೂ ಆಗದಿದ್ದಿದ್ದರೆ ಒಂದು ಲೆಕ್ಕ ತಪ್ಪುತ್ತಿತ್ತು, ಅಷ್ಟೆ. ಇದನ್ನು ನಿನಗೆ ಫೋನಿನಲ್ಲಿ ಹೇಳಲು ನನಗೆ ಈವರೆಗೆ ಬಾಯಿ ಬಂದಿಲ್ಲ.

ಇಷ್ಟು ವರ್ಷಗಳಲ್ಲಿ ನಾನು ಯೋಚಿಸಿ ಕಂಡುಕೊಂಡದ್ದು ಇಷ್ಟು. ನಮ್ಮ ಹಿರಿಯರು ಆಪತ್ತಿನ ಮಾತಾಡುತ್ತಿರಲಿಲ್ಲ ನಿಜ. ಆದರೆ ಆಪತ್ತಿಗೆ ಸಿದ್ಧರಾಗದೆ ಇರುತ್ತಿರಲಿಲ್ಲ. ಮಲೆನಾಡಿನಲ್ಲಿ ಮೇ ತಿಂಗಳೆಂದರೆ ಹೆಂಚು ಕೈಯಾಡಿಸುವುದು, ಸೌದೆ ಒಟ್ಟುವುದು, ಮನೆಯ ಮೇಲೆ ಬಾಗಿದ ಕೊಂಬೆ ಕಡಿಸುವುದು, ಮೂರು ತಿಂಗಳಿಗೆ ಬೇಕಾದ ದಿನಸಿ ತಂದಿಡುವುದು. ಬೇಸಿಗೆಯಲ್ಲಿ ಬೆಟ್ಟದ ದರಕು ಗುಡಿಸಿ ಕೊಟ್ಟಿಗೆಗೆ ತರುತ್ತಿದ್ದರು. ಗೊಬ್ಬರಕ್ಕೆಂದು ತಂದದ್ದಾದರೂ ಕಾಡಿನ ಬೆಂಕಿಗೆ ಮೇವು ಕಡಿಮೆಯಾಗುತ್ತಿತ್ತು. ಯಾರೂ 'ಮನೆ ಸೋರಿ ಕುಸಿದೀತು' ಎನ್ನಲಿಲ್ಲ, 'ಮಳೆಗಾಲದ ತಯಾರಿ' ಎಂದರು. ಎಚ್ಚರಿಕೆಯೆಲ್ಲ ಪಂಚಾಂಗದೊಳಗೆ, ವರ್ಷಾವಧಿ ಕೆಲಸದೊಳಗೆ ಅಡಗಿತ್ತು. ಅಂಥವರಿಗೆ 'ಬಿಡ್ತು' ಎನ್ನುವ ಅಧಿಕಾರವಿತ್ತು. ನಮ್ಮ ಮಕ್ಕಳು ಹೋಗಿ ನೆಲೆಸಿದ ನಾಡಿನ ಗಾಳಿ, ಹಿಮ, ಬೆಂಕಿ ನಮ್ಮ ಯಾವ ಪಂಚಾಂಗದಲ್ಲೂ ಇಲ್ಲ. ನಮ್ಮೂರಿನ ಋತುಗಳೂ ಅಜ್ಜನ ಲೆಕ್ಕಕ್ಕೆ ಸಿಗುತ್ತಿಲ್ಲ. ರೂಢಿ ಇಲ್ಲದ ಕಡೆ ಮಾತೊಂದೇ ದಾರಿ. ಅಲ್ಲಿ ಬಾಯಿ ಮುಚ್ಚಿಸಿದರೆ ತಯಾರಿಯನ್ನೂ ಮುಚ್ಚಿಸಿದಂತೆ.

ಅಮೆರಿಕದ ಪೂರ್ವರಾಜ್ಯಗಳಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಬೇರೆಯದೇ ಒಂದು ಮಾತಿದೆ. ನೀವು 'ಸ್ನೋ ಸ್ಕ್ವಾಲ್' ಎನ್ನುವ ಹಿಮದ ಹೊಡೆತ ದಿನವಿಡೀ ಬೀಳುವ ಹಿಮದಂತಲ್ಲ, ನಮ್ಮ ಮುಂಗಾರುಪೂರ್ವದ ಅಡ್ಡಮಳೆಯಂತೆ: ಬಿಸಿಲಿರುವಾಗಲೇ ಬರುತ್ತದೆ, ಅರ್ಧ ಗಂಟೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಆ ಅರ್ಧ ಗಂಟೆಯಲ್ಲಿ ಮುಂದಿನ ಕಾರು ಕಾಣುವುದಿಲ್ಲ, ರಸ್ತೆ ಗಾಜಿನಂತಾಗುತ್ತದೆ. 2022ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ 81ನೇ ಹೆದ್ದಾರಿಯಲ್ಲಿ ಹೀಗೆಯೇ ಸುಮಾರು 80 ವಾಹನಗಳು ಒಂದಕ್ಕೊಂದು ಹಾಯ್ದು ಆರು ಜನ ಸತ್ತರು. 2018ರಿಂದ ಇದಕ್ಕೆಂದೇ ಪ್ರತ್ಯೇಕ ಎಚ್ಚರಿಕೆ ನಿಮ್ಮ ದೇಶದಲ್ಲಿದೆ, ಫೋನು ಕೂಗುತ್ತದೆ. ಕೂಗಿದಾಗ ಮನೆಯಲ್ಲಿದ್ದರೆ ಒಂದು ಗಂಟೆ ತಡವಾಗಿ ಹೊರಡಿ. ರಸ್ತೆಯಲ್ಲಿದ್ದರೆ ಮುಂದಿನ ತಿರುವಿನಲ್ಲಿ ಹೆದ್ದಾರಿ ಬಿಟ್ಟಿಳಿದು ಎಲ್ಲಾದರೂ ಕಾಫಿ ಕುಡಿಯಿರಿ. ಅದರೊಳಗೆ ಸಿಕ್ಕಿಬಿದ್ದರೆ ದೀಪ ಹಾಕಿ, ವೇಗವನ್ನು ನಿಧಾನವಾಗಿ ಇಳಿಸಿ, ಬ್ರೇಕನ್ನು ಒಮ್ಮೆಲೇ ತುಳಿಯಬೇಡಿ. ಕಚೇರಿಗೆ ತಡವಾದದ್ದಕ್ಕೆ ಯಾರಾದರೂ ಬೈದರೆ ನನ್ನ ಹೆಸರು ಹೇಳಿ.

ಒಣಹುಲ್ಲಿನ ಸೀಮೆಯಲ್ಲಿ ಮನೆ ಕೊಂಡವರು ಮನೆಯ ಸುತ್ತಲಿನ ಐದಡಿಯನ್ನು ನೋಡಿಕೊಳ್ಳಿ. ಲೂಯಿವಿಲ್ಲಿನಲ್ಲಿ ಬಹಳಷ್ಟು ಮನೆಗಳಿಗೆ ಜ್ವಾಲೆ ನಡೆದು ಬರಲಿಲ್ಲ, ಗಾಳಿಯಲ್ಲಿ ಹಾರಿದ ಕಿಡಿ ಬಂತು. ಅದು ಮಾಡಿನ ದೋಣಿಯಲ್ಲಿ ತುಂಬಿದ ಒಣ ಎಲೆಗೆ, ಗೋಡೆಗೆ ತಾಗಿದ ಮರದ ಬೇಲಿಗೆ, ಕಿಟಕಿಯ ಕೆಳಗಿನ ಪೊದೆಗೆ ಹತ್ತಿ, ಆಮೇಲೆ ಮನೆಯಿಂದ ಮನೆಗೆ ದಾಟಿತು. ದರಕು ಗುಡಿಸುವ ಕೆಲಸ ಅಲ್ಲೂ ಬಿಟ್ಟದ್ದಲ್ಲ. ಜೋರು ಗಾಳಿಯ ಮುನ್ಸೂಚನೆ ಇರುವ ದಿನ ವಿದ್ಯುತ್ ಕಂಪನಿ ಬೇಕೆಂದೇ ಕರೆಂಟು ತೆಗೆಯುವ ಪದ್ಧತಿ ಕೊಲರಾಡೊದಲ್ಲಿ 2024ರ ಏಪ್ರಿಲಿನಲ್ಲಿ ಮೊದಲು ಜಾರಿಗೆ ಬಂತು. ಫ್ರಿಜ್ಜಿನಲ್ಲಿಟ್ಟದ್ದು ಹಾಳಾಯಿತೆಂದು ಮಗಳು ಆಗ ಗೊಣಗಿದಳು. ಹಾಳಾಗಲಿ, ಇನ್ನೊಂದು ಸಲ ದೋಸೆಹಿಟ್ಟು ರುಬ್ಬಬಹುದು.

ಊರಿನಲ್ಲಿರುವವರು ಇದು ಅಮೆರಿಕದ ಕಥೆ ಎಂದುಕೊಳ್ಳಬೇಡಿ. ಬಂಡೀಪುರದ ಕಾಡು 2019ರ ಫೆಬ್ರವರಿಯಲ್ಲಿ ಸಾವಿರಾರು ಎಕರೆ ಸುಟ್ಟುಹೋದದ್ದು ನಿಮ್ಮ ನೆನಪಿನಲ್ಲಿರುತ್ತದೆ. 2017ರಲ್ಲಿ ಅದೇ ಕಾಡಿನ ಬೆಂಕಿಯನ್ನು ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ತೀರಿಕೊಂಡರು. ಆದರೂ ಮಾರ್ಚ್ ತಿಂಗಳ ಮಧ್ಯಾಹ್ನ ಗದ್ದೆಯಂಚಿನ ಕಸಕ್ಕೆ ಕಡ್ಡಿ ಗೀರಿ ಮನೆಗೆ ಊಟಕ್ಕೆ ಬರುವವರನ್ನು ನಾನು ನಮ್ಮೂರಿನಲ್ಲೇ ಪ್ರತಿ ವರ್ಷ ನೋಡುತ್ತೇನೆ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಏಪ್ರಿಲಿನಲ್ಲೂ ಕಾರನ್ನು ಹಳೆಯ ಗುಲ್‌ಮೊಹರ್ ಮರದಡಿಯೇ ನಿಲ್ಲಿಸುತ್ತಾನೆ, ನೆರಳಿಗಾಗಿ. ಸಿಡಿಲಿನ ಮುನ್ಸೂಚನೆಗೆ ಪುಣೆಯ ವಿಜ್ಞಾನಿಗಳು ರೂಪಿಸಿದ 'ದಾಮಿನಿ' ಎಂಬ ಆ್ಯಪ್ ಇದೆ, ತೋಟಕ್ಕೆ ಹೋಗುವವರ ಫೋನಿನಲ್ಲಿ ಅದನ್ನು ಹಾಕಿಕೊಡಿ. 2023ರಲ್ಲಿ ಸರಕಾರದವರು ತುರ್ತು ಎಚ್ಚರಿಕೆಯ ಸದ್ದನ್ನು ನಮ್ಮ ಫೋನುಗಳಿಗೆ ಪ್ರಾಯೋಗಿಕವಾಗಿ ಕಳಿಸಿದಾಗ, ನಮ್ಮ ಪಕ್ಕದ ಮನೆಯವರು ಓಡಿಬಂದು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಇದನ್ನು ಬಂದ್ ಮಾಡೋದು ಹೇಗೆ ಮೇಷ್ಟ್ರೇ?"

ಇನ್ನು ನನ್ನ ವಿದ್ಯಾರ್ಥಿನಿಯ ತಾಯಿಯ ಪ್ರಶ್ನೆ: ಏನಾಯ್ತು ಈಗ? ಏನೂ ಆಗಲಿಲ್ಲವಲ್ಲ? ಅಮ್ಮಾ, ನೀವು ನನಗಿಂತ ಹಿರಿಯರು, ಕ್ಷಮಿಸಿ. ಏನೂ ಆಗದಿರಲೆಂದೇ ಅಲ್ಲವೇ ಚೀಲ ತುಂಬಿದ್ದು? ಮಾವಿನ ಮಿಡಿ ಉಪ್ಪಿನಲ್ಲಿಟ್ಟ ಮೇಲೆ ಬೂಷ್ಟು ಬರಲಿಲ್ಲವೆಂದು ಉಪ್ಪನ್ನು ಯಾರೂ ದೂರುವುದಿಲ್ಲ. ಎಚ್ಚರಿಕೆ ಹತ್ತು ಸಲ ಬಂದು ಒಂಬತ್ತು ಸಲ ಗಾಳಿ ಬೇಲಿ ಮಲಗಿಸಿ ಹೋಗುತ್ತದೆ. ಹತ್ತನೆಯದು ಯಾವುದೆಂದು ಗಾಳಿ ಬರುವ ಮುಂಚೆ ಹೇಳಬಲ್ಲವರು ಯಾರೂ ಇಲ್ಲ. ಮುಂದಿನ ಸಲ ಮಗಳು ಫೋನ್ ಮಾಡಿದರೆ ಮಾತ್ರೆ ಹಾಕಿಕೊಂಡೆಯಾ, ಕಾರಿನಲ್ಲಿ ಪೆಟ್ರೋಲು ಇದೆಯಾ, ಎಲ್ಲಿಗೆ ಹೋಗುತ್ತೀ ಎಂದು ಕೇಳಿ. ಆಮೇಲೆ ಬೇಕಾದರೆ ಬಿಡ್ತು ಎನ್ನಿ, ನಾನೂ ಅನ್ನುತ್ತೇನೆ.

ಊರಿಗೆ ಮರಳಿದ ಮೇಲೆ ನಮ್ಮಾಕೆ ದೇವರಕೋಣೆಯ ಬಾಗಿಲ ಹಿಂದೆ ಒಂದು ಖಾಕಿ ಬಣ್ಣದ ಚೀಲವನ್ನು ಮೊಳೆಗೆ ತೂಗುಹಾಕಿದ್ದಾಳೆ. ಅದರಲ್ಲಿ ಹತ್ತು ದಿನದ ಮಾತ್ರೆ, ವೈದ್ಯರ ಚೀಟಿಯ ನಕಲು, ಆಧಾರ್ ಮತ್ತು ಬ್ಯಾಂಕ್ ಪುಸ್ತಕದ ಪ್ರತಿ, ಟಾರ್ಚು, ಸ್ವಲ್ಪ ನಗದು, ಮಗಳ, ಅಳಿಯನ, ಇಬ್ಬರು ನೆರೆಯವರ ಫೋನ್ ನಂಬರು ಬರೆದ ಕಾಗದ ಇವೆ. ಮಾತ್ರೆಗಳನ್ನು ಮೂರು ತಿಂಗಳಿಗೊಮ್ಮೆ ಬದಲಿಸುತ್ತಾಳೆ. ಕಳೆದ ಬೇಸಿಗೆಯಲ್ಲಿ ಬಂದಿದ್ದ ಮೊಮ್ಮಗ ಅದೇನೆಂದು ಕೇಳಿದ. ಅವನ ಅಜ್ಜಿ ಕ್ಷಣವೂ ಯೋಚಿಸದೆ, "ಅದಾ? ಬಿಡ್ತು ಚೀಲ" ಎಂದಳು. ಈಗ ಕೊಲರಾಡೊದ ಅವನ ಮನೆಯಲ್ಲಿ ಗ್ಯಾರೇಜಿನ ಕೆಂಪು ಹಗ್ಗದ ಪಕ್ಕದ ಗೋಡೆಗೆ ಒಂದು ನೀಲಿ ಚೀಲ ನೇತಾಡುತ್ತಿದೆಯಂತೆ. ಅದರ ಮೇಲೆ ಅವನೇ ಕನ್ನಡದಲ್ಲಿ ಹೆಸರು ಬರೆದು ಫೋಟೋ ಕಳಿಸಿದ್ದಾನೆ. ಡ ಅಕ್ಷರಕ್ಕೆ ತ ಒತ್ತು ಕೊಡುವುದು ಗೊತ್ತಾಗದೆ 'ಬಿಡುತು' ಎಂದು ಬರೆದಿದ್ದಾನೆ, ಇರಲಿ, ಫೋನಿನಲ್ಲಿ ತಿದ್ದಲಿಲ್ಲ.